ಮತದಾರರ ಪಟ್ಟಿಯೂ ನೆರೆಹೊರೆಯೂ

ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಗೆಂದು ಮತದಾರರ ಪಟ್ಟಿಯನ್ನು ಸಿದ್ಧಪಡಿಸಲು ಮನೆಮನೆಯ ಬಾಗಿಲಿಗೆ ಬಂದ ಗಣತಿದಾರರಿಗೆ, ಉತ್ತರದ ಹಲವು ಪ್ರಾಂತಗಳ ಹೆಂಗಸರು ತಮ್ಮ ಹೆಸರನ್ನು ಹೇಳಲೊಲ್ಲದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು, ಸ್ವಂತ ಹೆಸರಿಲ್ಲದ ನಮೂದು ಪಟ್ಟಿಯಲ್ಲಿ ನಿಲ್ಲತಕ್ಕುದಲ್ಲವೆಂದು ನಿಶ್ಚಯಿಸಿದುದರಿಂದ, 1951-52ರ ಆ ಚುನಾವಣೆಯ ಹೊತ್ತಿಗೆ ಸುಮಾರು 28 ಲಕ್ಷ ಸ್ತ್ರೀಯರ ನಮೂದುಗಳು ಅಳಿಸಿಹೋದುವು. ನಿರ್ಧಾರ ಕಠೋರವಾದುದೇ, ಆದರೆ ಪ್ರಜೆಯೆಂದರೆ ತನ್ನದೇ ಹೆಸರಿನಿಂದ ಲೆಕ್ಕಕ್ಕೆ ಬರುವ ವ್ಯಕ್ತಿಯೆಂಬ ತತ್ತ್ವದಲ್ಲಿ ಸೇನರು ಸಡಿಲಿಕೆ ತೋರದೆ ಇದ್ದುದು ಒಳ್ಳೆಯದೇ ಆಯಿತೆಂದು ನನ್ನ ಮತ.

ಪಟ್ಟಿಯಿಂದ ಹೆಸರು ತಪ್ಪಿಹೋಗುವ ಕಥೆ ಅಂದಿಗೇ ಮುಗಿಯಲಿಲ್ಲ. ಮತದಾನದ ದಿನ ಮನೆಯಲ್ಲಿ ಕುಳಿತವರನ್ನು ನಿಂದಿಸುವುದು ಸುಲಭ. ಬೆಳಗಿನಿಂದ ಸಾಲಿನಲ್ಲಿ ನಿಂತು, ಕೊನೆಗೆ ಲಿಸ್ಟಿನಲ್ಲಿ ಹೆಸರಿಲ್ಲವೆಂಬ ಮಾತನ್ನು ಕೇಳಿ ಮರಳುವವರ ವಿಷಯವನ್ನು ಯಾರೂ ಎತ್ತುವುದಿಲ್ಲ. ಅವರಲ್ಲಿ ಅನೇಕರ ಕೈಯಲ್ಲಿ ಗುರುತಿನ ಚೀಟಿಯಿರುತ್ತದೆ. ಆದರೆ ಹಕ್ಕನ್ನು ಕೊಡುವುದು ಚೀಟಿಯಲ್ಲ, ಪಟ್ಟಿ. ಮದುವೆಯಾಗಿ ಬೇರೆ ಊರಿಗೆ ಬಂದ ಸೊಸೆ, ಕೂಲಿಯನ್ನರಸಿ ವಲಸೆ ಹೋದ ಸಂಸಾರ, ಬಾಡಿಗೆಯ ಮನೆಯನ್ನು ಮೇಲಿಂದ ಮೇಲೆ ಬದಲಿಸುವ ನೌಕರ, ಆಗತಾನೆ 18 ತುಂಬಿದ ಹುಡುಗಿ: ಪಟ್ಟಿಯಿಂದ ಜಾರಿಹೋಗುವವರು ಬಹುಮಟ್ಟಿಗೆ ಇಂಥವರೇ.

ಇದಕ್ಕೆ ವಿಪರೀತವಾದ ದೋಷವೂ ಒಂದುಂಟು: ಇರಬಾರದ ಹೆಸರುಗಳು ಪಟ್ಟಿಯಲ್ಲಿ ಉಳಿಯುವುದು. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಮತದಾನ ಶೇಕಡಾ 73ನ್ನು ದಾಟಿದರೂ ಬೆಂಗಳೂರು ನಗರವು 54ರ ಆಸುಪಾಸಿನಲ್ಲಿಯೇ ನಿಂತಿತು. ನಗರವಾಸಿಗಳ ಔದಾಸೀನ್ಯ ಇದಕ್ಕೆ ಕಾರಣವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೂ ಮನೆ ಬಿಟ್ಟುಹೋದವರ, ಮೃತರ, ಎರಡೆರಡು ಕಡೆ ನಮೂದಾದವರ ಹೆಸರುಗಳು ಪಟ್ಟಿಯಲ್ಲಿ ಉಳಿದಷ್ಟೂ, ಮತ ಹಾಕಲು ಬಾರದವರ ಸಂಖ್ಯೆಯು ನಿಜಕ್ಕಿಂತ ಹೆಚ್ಚಾಗಿಯೇ ಕಾಣುವುದು ಅನಿವಾರ್ಯವಷ್ಟೆ!

ಈ ಎರಡು ದೋಷಗಳನ್ನೂ ಬಲ್ಲವರು ನೆರೆಹೊರೆಯವರು. ಪಟ್ಟಿಯನ್ನು ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ ಅನೇಕ ಕಡೆ ಸ್ಥಳೀಯ ಶಾಲೆಯ ಉಪಾಧ್ಯಾಯರೋ ಅಂಗನವಾಡಿಯ ಕಾರ್ಯಕರ್ತೆಯೋ ಆಗಿರುತ್ತಾರೆ. ಯಾವ ಮನೆಯಲ್ಲಿ ಯಾರು ತೀರಿಕೊಂಡರು, ಯಾರು ಹೊಸದಾಗಿ ಬಂದರು ಎಂಬುದನ್ನು ಅವರಿಗೆ ತಿಳಿಸಲು ಬೀದಿಯ ಸ್ತ್ರೀಶಕ್ತಿ ಸಂಘಕ್ಕಿಂತಲೂ ವಸತಿ ಸಮುಚ್ಚಯದ ನಿವಾಸಿಗಳ ಸಂಘಕ್ಕಿಂತಲೂ ಸಮರ್ಥರು ಬೇರಿಲ್ಲ. ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ತಿದ್ದುಪಡಿಗೂ ವಾಸಸ್ಥಳದ ಬದಲಾವಣೆಗೂ 8. 18 ತುಂಬಿರಬೇಕಾದ ಅರ್ಹತಾ ದಿನಾಂಕ ಮೊದಲು ವರ್ಷಕ್ಕೊಂದೇ ಆಗಿದ್ದುದು ಈಗ ನಾಲ್ಕಾಗಿದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೆಯ ತಾರೀಖು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಇಂಥ ಕಾರ್ಯಕ್ಕೆ ಹೊರಟವರು ಪಕ್ಷದ ಶಾಲನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಲೇಸು. ಯಾರಿಗೆ ಮತವೆಂಬ ಪ್ರಶ್ನೆಯು ಮಾತಿನ ನಡುವೆ ಒಮ್ಮೆ ಸುಳಿದರೂ ಸಾಕು, ಎದುರಿನ ಬಾಗಿಲು ಅರ್ಧ ಮುಚ್ಚಿದಂತೆಯೇ.

ಕಾಲದ ವಿಚಾರದಲ್ಲಿ ಕಾನೂನು ನಿಷ್ಠುರವಾಗಿದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ, ಆ ಚುನಾವಣೆ ಮುಗಿಯುವವರೆಗೆ, ಪಟ್ಟಿಗೆ ಹೆಸರನ್ನು ಸೇರಿಸುವಂತಿಲ್ಲ. ಅರ್ಜಿಯ ಪರಿಶೀಲನೆಗೂ ಆಕ್ಷೇಪಣೆಗೂ ಅದಕ್ಕೆ ಮೊದಲೇ ದಿನಗಳು ಬೇಕು. ಆದಕಾರಣ ಧ್ವನಿವರ್ಧಕಗಳ ಸದ್ದು ಬೀದಿಗೆ ಬರುವ ಮುನ್ನವೇ, ಕರಡು ಪಟ್ಟಿ ಪ್ರಕಟವಾದ ವಾರದಲ್ಲಿಯೇ, ನಾಲ್ಕು ಜನ ಕೂಡಿ ಅದನ್ನು ಮನೆಯ ಸಂಖ್ಯೆಯ ಕ್ರಮದಲ್ಲಿ ಗಟ್ಟಿಯಾಗಿ ಓದಿ ನೋಡತಕ್ಕುದು.