ಮಂಜೊಟ್ಟಿಯ ತೀರ್ಪು

ಮಾಣಿ ಊರಿನವರಿಗೆ ಕಂಬಳ ನೋಡಲು ದೂರ ಹೋಗಬೇಕಾಗಿಲ್ಲ. ಗದ್ದೆಯ ಕೆಲಸ ಮುಗಿದು ಚಳಿ ಹತ್ತಿದರೆ ಒಂದು ಕಡೆ ಪುತ್ತೂರು, ಇನ್ನೊಂದು ಕಡೆ ಉಪ್ಪಿನಂಗಡಿ, ಬಂಟ್ವಾಳ ತಾಲ್ಲೂಕಿನೊಳಗೇ ಹೊಕ್ಕಾಡಿಗೋಳಿ ಮತ್ತು ಕಕ್ಯಪದವು, ತುಸು ಆಚೆಗೆ ವೇಣೂರು, ಮೂಡುಬಿದಿರೆ. ಜೋಡುಕರೆಯಲ್ಲಿ, ಅಂದರೆ ಪಕ್ಕಪಕ್ಕದ ಎರಡು ಕೆಸರಿನ ಹಾದಿಗಳಲ್ಲಿ, ಎರಡು ಜತೆ ಕೋಣಗಳು ಓಟ ಶುರುವಾಗುವ ಗಂತಿನಿಂದ ಹೊರಟು ಕೊನೆಯ ಮಂಜೊಟ್ಟಿ ಮುಟ್ಟಲು ಹದಿಮೂರು, ಹದಿನಾಲ್ಕು ಸೆಕೆಂಡು ಸಾಕು. ಯಾವ ಜತೆ ಮೊದಲು ಮುಟ್ಟಿತು ಎಂಬ ಚರ್ಚೆ ಮಾತ್ರ ಕೆಲವೊಮ್ಮೆ ಮುಂದಿನ ಕಂಬಳದವರೆಗೂ ಮುಗಿಯುವುದಿಲ್ಲ.

ಈ ಜಗಳ ತೀರಿಸಲೆಂದೇ ಕರೆಗೆ ಲೇಸರ್ ಕಿರಣ, ಸೆನ್ಸರ್, ವಿಡಿಯೋ ಬಂದವು. ಯಂತ್ರ ಬಂದ ಮೇಲೆ ತಕರಾರು ಕಡಿಮೆಯಾಯಿತು ನಿಜ. ಆದರೆ ಹೊಸ ಬಗೆಯ ತಕರಾರೂ ಹುಟ್ಟಿತು. ಅದಕ್ಕೆ ಕಾರಣ ಯಂತ್ರವಲ್ಲ. ಒಂದು ಪ್ರಶ್ನೆಗೆಂದು ಮಾಡಿದ ಅಳತೆಯನ್ನು ನಾವು ಬೇರೊಂದು ಪ್ರಶ್ನೆಗೂ ಉತ್ತರವೆಂದು ಓದಿದ್ದೇ ಕಾರಣ.

ಓಟದ ವೇಗವನ್ನೇ ತೆಗೆದುಕೊಳ್ಳೋಣ. ಒಳ್ಳೆಯ ಜತೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್ ಓಡುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅದು ಕ್ರಮಿಸುವುದು ಹತ್ತು ಸೆಂಟಿಮೀಟರ್, ಅಂದರೆ ಒಂದು ಗೇಣಿನ ಅರ್ಧ. ಬರಿಗಣ್ಣಿಗೆ ಇದು ಸಿಗುವುದಿಲ್ಲ. ಮಂಜೊಟ್ಟಿಯ ಗೆರೆಗೆ ನೇರವಾಗಿ ನಿಲ್ಲದೆ ಸ್ವಲ್ಪ ಓರೆಯಲ್ಲಿ ನಿಂತವನಿಗೆ ಹತ್ತಿರದ ಕರೆಯ ಕೋಣ ಒಂದು ರೀತಿ, ದೂರದ ಕರೆಯ ಕೋಣ ಇನ್ನೊಂದು ರೀತಿ ಕಾಣುತ್ತದೆ. ಹಾಗಾಗಿ ಇಬ್ಬರು ಪ್ರಾಮಾಣಿಕರು ಎರಡು ಬೇರೆ ಫಲಿತಾಂಶಗಳನ್ನು ಕಣ್ಣಾರೆ ಕಂಡಿರುವುದು ಸಾಧ್ಯ. ಸೆಕೆಂಡಿಗೆ 30 ಚಿತ್ರ ತೆಗೆಯುವ ಮೊಬೈಲ್ ವಿಡಿಯೋ ಕೂಡ ದೊಡ್ಡ ಸಾಕ್ಷಿಯಲ್ಲ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬರುವಷ್ಟರಲ್ಲಿ ಕೋಣ 35 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್‌ನಲ್ಲಿ ಫೋಟೋಫಿನಿಶ್ ಕ್ಯಾಮೆರಾ ಸೆಕೆಂಡಿಗೆ ಕನಿಷ್ಠ 1000 ಚಿತ್ರ ತೆಗೆಯಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.

ಎರಡು ಕರೆಗಳಿಗೂ ಒಂದೇ ಬಗೆಯ ಸೆನ್ಸರ್, ಒಂದೇ ಗಡಿಯಾರ ಇದ್ದರೆ ಒಂದು ದೊಡ್ಡ ಅನುಕೂಲವಿದೆ. ಗಡಿಯಾರ ತುಸು ತಡವಾಗಿ ಶುರುವಾಗುತ್ತದೆ ಎಂದುಕೊಳ್ಳಿ. ಆ ತಪ್ಪು ಎರಡೂ ಜತೆಗಳಿಗೆ ಸಮನಾಗಿ ಸೇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ತಪ್ಪೂ ಕಳೆದುಹೋಗುತ್ತದೆ. ಕರೆಯ ಉದ್ದ ಎಷ್ಟೆಂದು ಖಚಿತವಾಗಿ ಗೊತ್ತಿಲ್ಲದಿದ್ದರೂ ಎರಡು ಕರೆಗಳ ಉದ್ದ ಒಂದೇ ಆಗಿದ್ದರೆ ಸಾಕು, ಗೆದ್ದವರು ಯಾರೆಂದು ಹೇಳಬಹುದು. ಹೋಲಿಸಿ ಅಳೆಯುವುದರ ಬಲ ಇದು. ಇಲ್ಲಿ ಎಚ್ಚರ ವಹಿಸಬೇಕಾದದ್ದು ಎರಡು ಕರೆಗಳ ನಡುವಿನ ವ್ಯತ್ಯಾಸದ ಬಗ್ಗೆ: ಒಂದರಲ್ಲಿ ಕೆಸರು ಹೆಚ್ಚಿದೆಯೇ, ನೀರಿನ ಆಳ ಸಮವಾಗಿದೆಯೇ, ಒಂದು ಕಿರಣವನ್ನು ಕೋಣದ ಮೂತಿ ಕಡಿದರೆ ಇನ್ನೊಂದನ್ನು ಮುಂದೆ ಚಿಮ್ಮಿದ ನೀರು ಕಡಿಯಿತೇ?

ದಾಖಲೆಯ ಮಾತು ಬಂದ ಕೂಡಲೇ ಈ ಬಲ ಉಳಿಯುವುದಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರೆಂದು ವರದಿಯಾಯಿತು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿದರು, ಪತ್ರಿಕೆಗಳಲ್ಲಿ 9.55 ಸೆಕೆಂಡ್ ಎಂದು ಬಂತು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಬರೆದ ವಿಶ್ವದಾಖಲೆ 9.58. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ, ತಮ್ಮ ವೇಗದಲ್ಲಿ ಕೋಣಗಳ ಪಾಲು ದೊಡ್ಡದು ಎಂಬುದನ್ನು ಅವರೇ ಹೇಳಿದರು.

ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡೋಣ. ಭಾಗಿಸಿದಾಗ ಬರುವುದು 9.558. ಬೋಲ್ಟ್ ದಾಖಲೆಗೂ ಇದಕ್ಕೂ ಇರುವ ಅಂತರ 0.022 ಸೆಕೆಂಡ್. ಕೆಸರುಗದ್ದೆಯ ಕರೆಯನ್ನು ಅಳೆಯುವಾಗ ಒಂದಡಿಗಿಂತ ಸ್ವಲ್ಪ ಹೆಚ್ಚು ತಪ್ಪಿದ್ದರೂ ಆ ಅಂತರ ಇಲ್ಲವಾಗುತ್ತದೆ. ಇಲ್ಲಿ ಉದ್ದದ ತಪ್ಪನ್ನಾಗಲಿ ಗಡಿಯಾರದ ತಪ್ಪನ್ನಾಗಲಿ ಕಳೆದುಹಾಕಲು ಪಕ್ಕದ ಕರೆಯ ಜತೆ ಸಹಾಯಕ್ಕೆ ಬರುವುದಿಲ್ಲ; ಹೋಲಿಕೆ ಇರುವುದು ಬರ್ಲಿನ್‌ನ ಟ್ರ್ಯಾಕಿನೊಂದಿಗೆ. ಇನ್ನೂ ಮುಖ್ಯವಾದ ವಿಷಯ, ನೂರು ಮೀಟರ್ ಓಟದಲ್ಲಿ ಬಹಳಷ್ಟು ಸಮಯ ನಿಂತಲ್ಲಿಂದ ವೇಗ ಪಡೆಯುವುದಕ್ಕೆ ಹೋಗುತ್ತದೆ. ಓಟ ಉದ್ದವಾದಷ್ಟೂ ಆ ನಷ್ಟ ಹಂಚಿಹೋಗುತ್ತದೆ. 2009ರಲ್ಲೇ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ಬೋಲ್ಟ್ 150 ಮೀಟರ್ ಅನ್ನು 14.35 ಸೆಕೆಂಡುಗಳಲ್ಲಿ ಓಡಿದ್ದರು. ಅದರಲ್ಲಿ ಕೊನೆಯ ನೂರು ಮೀಟರಿಗೆ ತಗುಲಿದ್ದು 8.70 ಸೆಕೆಂಡ್. ಅದನ್ನು ಯಾರೂ ನೂರು ಮೀಟರಿನ ದಾಖಲೆ ಎಂದು ಬರೆದಿಡಲಿಲ್ಲ.

2021ರಲ್ಲಿ ಕಕ್ಯಪದವಿನಿಂದ ನೂರು ಮೀಟರಿಗೆ 9 ಸೆಕೆಂಡಿಗಿಂತಲೂ ಕಡಿಮೆ ಎಂಬ ಲೆಕ್ಕ ಬಂತು. 2022ರಲ್ಲಿ ಇಂಥ ದಾಖಲೆಗಳೇ ಸುಳ್ಳೆಂದು ಪೊಲೀಸರವರೆಗೆ ದೂರು ಹೋಯಿತು. ದೂರು ಕೊಟ್ಟ ಮಾತ್ರಕ್ಕೆ ಆರೋಪ ನಿಜವಾಗುವುದಿಲ್ಲ. ಆದರೆ ಕರೆಯ ಉದ್ದ ಅಳೆದವರು ಯಾರು, ಕಿರಣ ಎಲ್ಲಿತ್ತು, ಅಂಕಿಯನ್ನು ಹೇಗೆ ಲೆಕ್ಕ ಹಾಕಿದರು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಅನುಮಾನ ವ್ಯಕ್ತಿಗಳ ಮೇಲೆ ತಿರುಗುವುದು ಸಹಜ.

ಕಂಬಳದಲ್ಲಿ ಗಡಿಯಾರಕ್ಕೆ ಕೆಲಸವೇ ಇಲ್ಲದ ವಿಭಾಗವೂ ಇದೆ: ಕನೆ ಹಲಗೆ. ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ಮುಟ್ಟಬೇಕು. ನೀರಿನ ಧಾರೆ ಮುಟ್ಟಬೇಕೇ, ಚದುರಿದ ಹನಿ ಸಾಕೇ? ಹಿಂದಿನ ಜತೆಯ ನೀರಿನಿಂದ ಬಟ್ಟೆ ಒದ್ದೆಯಾಗಿದ್ದರೆ ಈ ಜತೆಯ ಹನಿಯನ್ನು ಗುರುತಿಸುವುದು ಹೇಗೆ? ಇಲ್ಲಿ ತೀರ್ಪುಗಾರನ ಕಣ್ಣು ಬೇಕೇ ಬೇಕು.

ತೀರ್ಪುಗಾರನ ಕಣ್ಣನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಜಗತ್ತು ಕೊಟ್ಟ ದೊಡ್ಡ ಉತ್ತರ ಮಂಜುಗಡ್ಡೆಯ ಮೇಲಿನ ಆಟದಲ್ಲಿದೆ. 2002ರ ಸಾಲ್ಟ್‌ಲೇಕ್ ಸಿಟಿ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್ ಜೋಡಿ ವಿಭಾಗದಲ್ಲಿ ಒಂಬತ್ತು ತೀರ್ಪುಗಾರರ ಪೈಕಿ ಐವರು ರಷ್ಯಾ ಜೋಡಿಯ ಪರ, ನಾಲ್ವರು ಕೆನಡಾ ಜೋಡಿಯ ಪರ ನಿಂತರು. ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತು ಎಂಬ ವಿವಾದ ಎದ್ದು, ಕೊನೆಗೆ ಎರಡೂ ಜೋಡಿಗಳಿಗೆ ಚಿನ್ನ ಕೊಡಬೇಕಾಯಿತು. 6.0 ಅಂಕದ ಹಳೆಯ ಪದ್ಧತಿ ಹೋಗಿ, ಪ್ರತಿ ಜಿಗಿತಕ್ಕೂ ಪ್ರತಿ ಸುತ್ತಿಗೂ ಬೇರೆ ಅಂಕ ಕೊಡುವ ಪದ್ಧತಿ 2004ರಲ್ಲಿ ಬಂತು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ.

ಸರಾಸರಿ ಒಂದು ಬಗೆಯ ತಪ್ಪನ್ನು ಮಾತ್ರ ಗುಣಪಡಿಸುತ್ತದೆ. ಒಬ್ಬರು ತುಸು ಹೆಚ್ಚು, ಇನ್ನೊಬ್ಬರು ತುಸು ಕಡಿಮೆ ಕೊಟ್ಟರೆ ಅವು ಒಂದನ್ನೊಂದು ಸರಿದೂಗಿಸುತ್ತವೆ. ಹಲವರು ಒಂದೇ ದಿಕ್ಕಿಗೆ ವಾಲಿದರೆ ಸರಾಸರಿಯೂ ಅತ್ತಲೇ ವಾಲುತ್ತದೆ. ಒತ್ತಡ ತಪ್ಪಿಸಲೆಂದು ಆಗ ಯಾರು ಎಷ್ಟು ಅಂಕ ಕೊಟ್ಟರೆಂಬುದನ್ನು ಗುಟ್ಟಾಗಿಟ್ಟರು. ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಝಿಟ್ಜೆವಿಟ್ಜ್ ಅಂಕಗಳನ್ನು ವಿಶ್ಲೇಷಿಸಿದಾಗ, ತಮ್ಮ ದೇಶದವರಿಗೆ ಹೆಚ್ಚು ಅಂಕ ಕೊಡುವ ಚಾಳಿ ಆ ಗುಟ್ಟಿನಿಂದ ಕಡಿಮೆಯಾಗಿರಲಿಲ್ಲ. 2016ರಲ್ಲಿ ಗುಟ್ಟಿನ ನಿಯಮವನ್ನೇ ಕೈಬಿಟ್ಟರು.

ಮುಚ್ಚಿಡುವುದಕ್ಕಿಂತ ತೆರೆದಿಡುವುದೇ ಮೇಲು ಎಂಬ ಈ ಪಾಠ ನಮ್ಮ ಕರೆಗಳಿಗೂ ಹೊಂದುತ್ತದೆ. ಗೆದ್ದವರನ್ನು ಹೇಳಲು ಈಗಿನ ಸೆನ್ಸರ್ ಮತ್ತು ವಿಡಿಯೋ ಬಹುಮಟ್ಟಿಗೆ ಸಾಕು. ಕನೆ ಹಲಗೆಗೆ ಮೊದಲೇ ಬರೆದ ನಿಯಮ, ನಿಶಾನೆಗೆ ನೇರ ಕ್ಯಾಮೆರಾ, ತೀರ್ಪು ಕೊಟ್ಟವರ ಹೆಸರು ಬೇಕು. ದಾಖಲೆ ಎನ್ನಬೇಕಾದರೆ ಆ ದಿನವೇ ಅಳೆದ ಕರೆಯ ಉದ್ದ, ಗಡಿಯಾರದ ಪರೀಕ್ಷೆ, ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬ ಅಂಕಿ, ಇವಿಷ್ಟೂ ಫಲಿತಾಂಶದ ಜತೆಗೇ ಪ್ರಕಟವಾಗಬೇಕು. ಸೋತ ಜತೆಯ ಯಜಮಾನರಿಗೆ ಆಗಲೂ ಬೇಸರವಾಗುತ್ತದೆ. ಆದರೆ ಅವರು ತೀರ್ಪುಗಾರನ ನಿಯತ್ತನ್ನು ಕೇಳಬೇಕಾಗಿಲ್ಲ, ಅಳತೆಯನ್ನು ಕೇಳಬಹುದು. ಅಳತೆಗೆ ಮತ್ತೆ ಟೇಪು ಹಿಡಿದು ನೋಡಬಹುದು.