ಚಾಚಿದ ಕೈಗೆಲ್ಲ ಏಕಿಲ್ಲ ಈ ಪ್ರಸಾದ?

ಕ್ರೈಸ್ತ ಮಿತ್ರರ ಮನೆಯ ಮದುವೆಗೆಂದು ಚರ್ಚಿಗೆ ಹೋದವರಿಗೆ ಈ ಪೇಚು ಹೊಸದಲ್ಲ. ಪೂಜೆ ಕೊನೆಯ ಘಟ್ಟಕ್ಕೆ ಬಂದಿರುತ್ತದೆ. ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಸಾಲಾಗಿ ಪೀಠದತ್ತ ನಡೆಯುತ್ತಾರೆ. ಗುರುಗಳು ನಾಣ್ಯದಗಲದ, ಬಿಳಿಯ ತೆಳು ರೊಟ್ಟಿಯೊಂದನ್ನು ಅವರಿಗೆ ಕೊಡುತ್ತಾರೆ. ಅಕ್ಕಪಕ್ಕದವರೆಲ್ಲ ಎದ್ದು ಹೋದ ಮೇಲೆ ಅತಿಥಿಗೆ ಕಸಿವಿಸಿ: ತಾನೂ ಹೋಗಬೇಕೆ, ಇಲ್ಲೇ ಕುಳಿತಿರಬೇಕೆ?

ಗೊಂದಲಕ್ಕೆ ಪದವೂ ಕಾರಣ. ಕನ್ನಡದ ಕಥೋಲಿಕರು ಇದನ್ನು 'ಪರಮಪ್ರಸಾದ' ಎನ್ನುತ್ತಾರೆ. ಪ್ರಸಾದವೆಂದರೆ ಕೈಯೊಡ್ಡಿದವರಿಗೆಲ್ಲ ಸಲ್ಲುವಂಥದ್ದು, ಬೇಡವೆನ್ನುವುದು ಅಗೌರವ ಎಂಬುದು ನಮ್ಮ ನಾಡಿನ ರೂಢಿಯ ತಿಳಿವಳಿಕೆ. ಅಂಥ ಹಂಚಿಕೆ ಕಥೋಲಿಕರಲ್ಲೂ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕರಾವಳಿಯ ಚರ್ಚುಗಳಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ಯಲು ಯಾವ ನಿಬಂಧನೆಯೂ ಇಲ್ಲ. ಪರಮಪ್ರಸಾದದ ಮಾತೇ ಬೇರೆ.

ರೊಟ್ಟಿಯಲ್ಲ, ಶರೀರ

ಯೇಸುಕ್ರಿಸ್ತ ತನ್ನ ಕಡೆಯ ಭೋಜನದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಶಿಷ್ಯರಿಗೆ ಹಂಚಿದ. ಆ ಭೋಜನದ ಸ್ಮರಣೆಯಾದ ಬಲಿಪೂಜೆಯಲ್ಲಿ ರೊಟ್ಟಿ ಮತ್ತು ರಸ ನಿಜವಾಗಿಯೂ ಕ್ರಿಸ್ತನ ಶರೀರ ಹಾಗೂ ರಕ್ತವಾಗುತ್ತವೆ ಎಂಬುದು ಕಥೋಲಿಕರ ನಂಬಿಕೆ. ಇದು ಬರಿಯ ಸಂಕೇತವಲ್ಲ. ಆದ್ದರಿಂದಲೇ ಗುರುಗಳು 'ಕ್ರಿಸ್ತನ ಶರೀರ' ಎಂದಾಗ ಸ್ವೀಕರಿಸುವವರು ತಲೆಬಾಗಿ 'ಆಮೆನ್' ಎನ್ನುತ್ತಾರೆ. ಹೌದು, ಇದನ್ನು ನಂಬುತ್ತೇನೆ, ಈ ಸಭೆಗೆ ಸೇರಿದವನು ನಾನು ಎಂಬುದು ಅದರ ಅರ್ಥ. ಆ ಮಾತನ್ನು ಮನಸಾರೆ ಹೇಳಲಾಗದವರ ಬಾಯಲ್ಲಿ ಅದನ್ನು ಹೇಳಿಸಬಾರದೆಂಬುದು ನಿಯಮದ ಹಿಂದಿನ ತರ್ಕ. ಅತಿಥಿಯನ್ನು ಕೀಳಾಗಿ ಕಾಣುವ ಉದ್ದೇಶ ಇದರಲ್ಲಿಲ್ಲ. ಇತರ ಕ್ರೈಸ್ತ ಪಂಗಡಗಳವರಿಗೂ ಕೆಲವು ವಿಶೇಷ ಸಂದರ್ಭಗಳಲ್ಲಿ ಮಾತ್ರ ಇದನ್ನು ಕೊಡಲು ಅವಕಾಶವಿದೆ.

ದೂರದಿಂದ ಹತ್ತಿರಕ್ಕೆ

ಹಾಗೆಂದು ಕಥೋಲಿಕರೆಲ್ಲ ಸದಾ ಇದನ್ನು ಸ್ವೀಕರಿಸುತ್ತಿದ್ದರೆಂದಲ್ಲ. ಮಧ್ಯಯುಗದ ಯುರೋಪಿನಲ್ಲಿ ಜನ ಭಯಭಕ್ತಿಯಿಂದ ದೂರವೇ ಉಳಿಯುತ್ತಿದ್ದರು. ಕೊನೆಗೆ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ವರ್ಷಕ್ಕೊಮ್ಮೆ ಈಸ್ಟರ್ ಕಾಲದಲ್ಲಾದರೂ ಸ್ವೀಕರಿಸಲೇಬೇಕೆಂದು ಆಜ್ಞೆ ಮಾಡಬೇಕಾಯಿತು. ಪದೇ ಪದೇ, ಸಾಧ್ಯವಾದರೆ ದಿನವೂ ಸ್ವೀಕರಿಸಿ ಎಂಬ ಉತ್ತೇಜನ ಬಂದದ್ದು 1905ರಲ್ಲಿ, ಹತ್ತನೆಯ ಪಯಸ್ ಪೋಪರಿಂದ. ಅವರೇ 1910ರಲ್ಲಿ, ಸಾಮಾನ್ಯ ರೊಟ್ಟಿಗೂ ಇದಕ್ಕೂ ಇರುವ ಭೇದವನ್ನು ತಿಳಿಯಬಲ್ಲ ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ದಾರಿ ತೆರೆದರು. ಬಿಳಿ ಉಡುಪಿನ ಮಕ್ಕಳ 'ಪ್ರಥಮ ಪರಮಪ್ರಸಾದ' ಇಂದು ಕಥೋಲಿಕ ಮನೆಗಳಲ್ಲಿ ದೊಡ್ಡ ಸಂಭ್ರಮ.

ಉಪವಾಸದ ಕಥೆಯೂ ಇಂಥದ್ದೇ. ಹಿಂದೆ ನಡುರಾತ್ರಿಯಿಂದ ಹನಿ ನೀರೂ ಕುಡಿಯುವಂತಿರಲಿಲ್ಲ. ಹನ್ನೆರಡನೆಯ ಪಯಸ್ ಪೋಪರು 1953ರಲ್ಲಿ ನೀರಿಗೆ ವಿನಾಯಿತಿ ಕೊಟ್ಟರು. 1957ರಲ್ಲಿ ಊಟದ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೆಯ ಪೌಲ್ ಪೋಪರು ಅದನ್ನು ಒಂದೇ ಗಂಟೆಗೆ ತಂದರು. ಇಂದಿಗೂ ಇದೇ ನಿಯಮ. ನೀರು, ಔಷಧಿಗೆ ಅಡ್ಡಿಯಿಲ್ಲ. ವೃದ್ಧರು, ರೋಗಿಗಳು ಮತ್ತು ಅವರ ಶುಶ್ರೂಷೆ ಮಾಡುವವರಿಗೆ ಆ ಒಂದು ಗಂಟೆಯ ನಿರ್ಬಂಧವೂ ಇಲ್ಲ.

ಕೈಯೋ, ನಾಲಿಗೆಯೋ

ಕೈಯಲ್ಲಿ ಸ್ವೀಕರಿಸುವುದು ಹೊಸ ಪದ್ಧತಿಯೆಂದು ಹಲವರು ಭಾವಿಸುತ್ತಾರೆ. ಆದರೆ ನಾಲ್ಕನೆಯ ಶತಮಾನದಲ್ಲೇ ಜೆರುಸಲೇಮಿನ ಸಿರಿಲ್ ಅವರ ಹೆಸರಿನಲ್ಲಿರುವ ಬೋಧನೆಗಳು ಬಲಗೈಗೆ ಎಡಗೈ ಆಸರೆ ಕೊಟ್ಟು ಸ್ವೀಕರಿಸುವ ಕ್ರಮವನ್ನು ವಿವರಿಸುತ್ತವೆ. ತೀರ್ಥಕ್ಕೆ ಕೈಯೊಡ್ಡುವ ನಮ್ಮವರಿಗೆ ಅದು ಅಪರಿಚಿತವೆನಿಸದು. ಮುಂದೆ, ತುಣುಕೂ ನೆಲಕ್ಕೆ ಬೀಳಬಾರದೆಂಬ ಎಚ್ಚರ ಹೆಚ್ಚಿದಂತೆ ನಾಲಿಗೆಯ ಮೇಲಿಡುವುದೇ ವಾಡಿಕೆಯಾಯಿತು. ಆಯಾ ದೇಶದ ಧರ್ಮಾಧ್ಯಕ್ಷರು ಕೋರಿದರೆ ಕೈಗೆ ಕೊಡಬಹುದೆಂದು ವ್ಯಾಟಿಕನ್ 1969ರಲ್ಲಿ ತಿಳಿಸಿತು. ಅನುಮತಿ ಇರುವೆಡೆ ಆಯ್ಕೆ ಸ್ವೀಕರಿಸುವವರದು. 2020ರ ಕೋವಿಡ್ ಕಾಲದಲ್ಲಿ ಮಾತ್ರ ಅನೇಕ ಧರ್ಮಪ್ರಾಂತ್ಯಗಳು ಕೈಯಲ್ಲೇ ಸ್ವೀಕರಿಸುವಂತೆ ಸೂಚಿಸಿದವು. ಕೈಯಲ್ಲಿ ಪಡೆದವರು ಅದನ್ನು ಕೊಟ್ಟವರ ಎದುರೇ ಬಾಯಿಗಿಡಬೇಕು. ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ.

ಎದ್ದು ಹೋಗದವರು

ನಿಯಮಗಳು ಸಡಿಲವಾದಂತೆ ಬೇರೊಂದು ಇಕ್ಕಟ್ಟು ತಲೆದೋರಿದೆ. ಕೆಲವರಷ್ಟೇ ಸ್ವೀಕರಿಸುತ್ತಿದ್ದ ಕಾಲದಲ್ಲಿ ಕುಳಿತೇ ಇರುವವರನ್ನು ಯಾರೂ ಗಮನಿಸುತ್ತಿರಲಿಲ್ಲ. ಈಗ ಇಡೀ ಬೆಂಚು ಎದ್ದಾಗ ಉಳಿದ ಒಬ್ಬರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಗಂಭೀರ ಪಾಪ ಮಾಡಿದ ಅರಿವುಳ್ಳವರು ಪಾಪನಿವೇದನೆ ಮಾಡದೆ ಪರಮಪ್ರಸಾದ ಸ್ವೀಕರಿಸಬಾರದೆಂಬುದು ಧರ್ಮಸಭೆಯ ಕಾನೂನು. ಜನರ ನೋಟಕ್ಕೆ ಅಂಜಿ ಸಾಲಿಗೆ ಸೇರುವವರೂ ಇಲ್ಲದಿಲ್ಲ.

ಎಲ್ಲಕ್ಕಿಂತ ನೋವಿನ ಪ್ರಶ್ನೆ ಮರುಮದುವೆಯಾದವರದು. ವಿಚ್ಛೇದನವೊಂದೇ ಇದಕ್ಕೆ ಅಡ್ಡಿಯಲ್ಲ. ಮೊದಲ ವಿವಾಹ ಅಸಿಂಧುವೆಂದು ಧರ್ಮಸಭೆಯ ನ್ಯಾಯಮಂಡಳಿ ಘೋಷಿಸದೆ ಕಾನೂನಿನ ಪ್ರಕಾರ ಇನ್ನೊಂದು ಮದುವೆಯಾದವರು ಮಾತ್ರ ವರ್ಷಗಟ್ಟಲೆ ಬೆಂಚಿನಲ್ಲೇ ಉಳಿದಿದ್ದಾರೆ. ತಮ್ಮ ಮಗುವಿನ ಪ್ರಥಮ ಪರಮಪ್ರಸಾದದಂದೂ ಅವರು ಕುಳಿತೇ ನೋಡಬೇಕು. 2016ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ 'ಅಮೋರಿಸ್ ಲೆಟೀಷಿಯಾ' ಪತ್ರದಲ್ಲಿ, ಇಂಥವರ ಪರಿಸ್ಥಿತಿಯನ್ನು ಗುರುಗಳು ಒಂದೊಂದಾಗಿ ಪರಿಶೀಲಿಸಬೇಕೆಂದರು. ಕೆಲವರಿಗೆ ಸಂಸ್ಕಾರಗಳ ನೆರವೂ ದೊರೆಯಬಹುದೆಂದು ಅಡಿಟಿಪ್ಪಣಿಯೊಂದರಲ್ಲಿ ಸೂಚಿಸಿದರು. ಆ ಅಡಿಟಿಪ್ಪಣಿಯ ಸುತ್ತ ಕಾರ್ಡಿನಲ್‌ಗಳ ನಡುವೆಯೇ ಬಿಸಿ ಚರ್ಚೆ ನಡೆಯಿತು.

ಇನ್ನು ಮದುವೆಗೆ ಬಂದ ಅತಿಥಿಯ ಮಾತು. ಅವರು ತಮ್ಮ ಸ್ಥಳದಲ್ಲೇ ಮೌನವಾಗಿ ಕುಳಿತಿದ್ದರೆ ಸಾಕು. ಅದರಿಂದ ಯಾರಿಗೂ ಅವಮಾನವಿಲ್ಲ. ಕೆಲವು ಊರುಗಳಲ್ಲಿ ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ಸಾಲಿನಲ್ಲಿ ಹೋದವರನ್ನು ಗುರುಗಳು ಆಶೀರ್ವದಿಸಿ ಕಳುಹಿಸುವ ರೂಢಿಯೂ ಇದೆ. ಅದೇ ಬೆಂಚಿನಲ್ಲಿ ಕಥೋಲಿಕರೊಬ್ಬರೂ ಎದ್ದು ಹೋಗದೆ ಕುಳಿತಿದ್ದರೆ, ಏಕೆಂದು ಕೇಳದಿರುವುದೇ ಸೌಜನ್ಯ.