ಕೃಷ್ಣೆಯ ನಡುವೆ ಜಲದುರ್ಗ

ನಡುಗಡ್ಡೆ ಸುತ್ತಬೇಕೆಂದರೆ ನಮ್ಮ ಕಡೆಯ ಹುಡುಗರು ಅಂಡಮಾನಿನ ಕನಸು ಕಾಣುತ್ತಾರೆ. ಆದರೆ ದಢೇಸುಗೂರಿನ ತುಂಗಭದ್ರಾ ಸೇತುವೆಯಿಂದ ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಮಧ್ಯಾಹ್ನದೊಳಗೆ ಕೃಷ್ಣೆಯ ನಡುಗಡ್ಡೆ ಜಲದುರ್ಗದಲ್ಲಿ ನಿಂತಿರಬಹುದು. ಒಂದು ಹೊಳೆಯ ದಂಡೆಯಿಂದ ಇನ್ನೊಂದರ ಒಡಲಿಗೆ, ಎಡೆದೊರೆ ನಾಡನ್ನು ಅಡ್ಡ ಸೀಳಿಕೊಂಡು ಹೋಗುವ ದಾರಿಯಿದು.

ಜನವರಿಯ ಬಿಸಿಲು ಹಿತವಾಗಿರುತ್ತದೆ. ಸಿಂಧನೂರಿನವರೆಗೂ ಎಡದಂಡೆ ಕಾಲುವೆಯ ನೀರು, ನಾಟಿಗೆ ಸಜ್ಜಾದ ಗದ್ದೆಗಳು. ಮಸ್ಕಿ ಬಂದಾಗ ಗಾಡಿ ನಿಲ್ಲಿಸಲೇಬೇಕು. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಇಲ್ಲಿ ಕಂಡ ಬಂಡೆಗಲ್ಲಿನ ಶಾಸನದಲ್ಲೇ, ಅಶೋಕನ ಶಾಸನಗಳ ಪೈಕಿ ಅವನ ಹೆಸರು ಮೊದಲ ಬಾರಿಗೆ ಸಿಕ್ಕಿತು. ಅಲ್ಲಿಂದ ಲಿಂಗಸುಗೂರು, ಮುಂದೆ ಎರೆಹೊಲಗಳ ನಡುವೆ ಜೋಳದ ತೆನೆ ನೋಡುತ್ತಾ ಹೊಳೆಯ ಕಡೆಗೆ.

ಹೊಳೆ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ಕೃಷ್ಣೆ ಇಲ್ಲಿ ಕವಲೊಡೆದು ಜಲದುರ್ಗವನ್ನು ನಡುವೆ ಇಟ್ಟುಕೊಂಡು ಹರಿಯುತ್ತಾಳೆ. ಬೇಸಿಗೆಯ ಕಡೆ ಹೊರಳಿದ ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಶತಮಾನಗಳ ಪ್ರವಾಹ ತಿಕ್ಕಿ ನುಣುಪಾಗಿಸಿದ ಕಲ್ಲುಗಳು, ಅವುಗಳ ಸಂದಿನಲ್ಲಿ ಬೆಳ್ಳನೆಯ ಉಸುಕು. ಇದೇ ಇಲ್ಲಿನ ಬೀಚು. ನೀರಿಗಿಳಿಯುವ ಆಸೆ ಮಾತ್ರ ಬೇಡ, ಈ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ.

ಕೋಟೆಗೆ ನಡೆದೇ ಹತ್ತಬೇಕು. ಆದಿಲ್‌ಶಾಹಿಗಳ ಕೈಯಲ್ಲಿದ್ದ ಈ ಕೋಟೆಯ ಗೋಡೆಗಳು ಬಹುಪಾಲು ಕುಸಿದಿವೆ, ಮುಳ್ಳುಕಂಟಿ ಬೆಳೆದಿದೆ. ಆದರೂ ಬುರುಜಿನ ಮೇಲೆ ನಿಂತು ಕೆಳಗಿನ ಕಣಿವೆ ನೋಡಿದಾಗ ಈ ಜಾಗವನ್ನು ಯಾಕೆ ಆರಿಸಿಕೊಂಡರೆಂದು ಯಾರೂ ವಿವರಿಸಬೇಕಿಲ್ಲ. ಹೊಳೆಯೇ ಕಂದಕ. ಮರಣದಂಡನೆಗೆ ಗುರಿಯಾದವರನ್ನು ಇಲ್ಲಿಂದ ಮಡುವಿಗೆ ತಳ್ಳುತ್ತಿದ್ದರೆಂಬ ಕತೆ ಊರಲ್ಲಿ ಇಂದಿಗೂ ಇದೆ. ಇಷ್ಟು ದೊಡ್ಡ ನೋಟವಿರುವ ಕೋಟೆಗೆ ಇಷ್ಟು ಕಡಿಮೆ ಆರೈಕೆ ಸಿಕ್ಕಿರುವುದು ನನಗೆ ನಿಜಕ್ಕೂ ನೋವು ತಂದಿತು.

ಕೋಟೆಗಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಲಿಂಗಸುಗೂರಿನಿಂದ ಇಲ್ಲಿಗೆ ಬರುವ ದಾರಿಯ ಶೀಲಹಳ್ಳಿ ಸೇತುವೆ. ತಗ್ಗಿನ ಸೇತುವೆ, ಈಗ ಅದರ ಮೇಲೆ ಬೈಕು, ಟ್ರ್ಯಾಕ್ಟರು, ಕುರಿಹಿಂಡು ಸಲೀಸಾಗಿ ಸಾಗುತ್ತವೆ. ಮೇಲ್ಗಡೆ ಇರುವುದು 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಜಲಾಶಯ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗಿ, ಆಲಮಟ್ಟಿ ಜಲಾಶಯ ತುಂಬಿ, ನಾರಾಯಣಪುರದಲ್ಲಿ ಗೇಟು ಎತ್ತಿದರೆಂದರೆ ಸೇತುವೆ ನೀರಡಿ. ಜಲದುರ್ಗ, ಹಂಚಿನಾಳ, ಯರಗೋಡಿ, ಯಳಗುಂದಿ, ಕಡದರಗಡ್ಡಿಯವರಿಗೆ ಲಿಂಗಸುಗೂರಿನ ನೇರ ದಾರಿ ತಪ್ಪುತ್ತದೆ; ಸುತ್ತು ಹಾಕಿ ಬರಬೇಕು. ಆಸ್ಪತ್ರೆಗೆ ಹೊರಟ ಬಾಣಂತಿಯಾದರೂ ಅಷ್ಟೇ, ಶಾಲೆಯ ಮಕ್ಕಳಾದರೂ ಅಷ್ಟೇ. ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ಪುಟ್ಟ ಗಡ್ಡಿಗಳ ಪಾಡು ಇನ್ನೂ ಕಷ್ಟ. ಅಲ್ಲಿಯವರು ದನಕರುಗಳನ್ನು ಬಿಟ್ಟು ಬರಲಾರದೆ ನೀರಿನ ನಡುವೆಯೇ ಉಳಿಯುತ್ತಾರೆ. 2019ರ ಆಗಸ್ಟಿನ ಮಹಾಪ್ರವಾಹದ ದಿನಗಳು ಈ ದಂಡೆಯ ಯಾರಿಗೂ ಮರೆತಿಲ್ಲ.

ನಮ್ಮಂಥ ಪ್ರವಾಸಿಗರಿಗೆ ಕೋಟೆಯ ಮೆಟ್ಟಿಲು, ನೆರಳು, ಕುಡಿಯುವ ನೀರು ಆಗಲಿ. ಅದಕ್ಕೂ ಮೊದಲು ಪ್ರವಾಹಕ್ಕೆ ಮುಳುಗದ ಎತ್ತರದ ಸೇತುವೆ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೋಗುವವರು ಲಿಂಗಸುಗೂರಿನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಬುತ್ತಿ ಕಟ್ಟಿಕೊಂಡು ಹೋಗಿ. ಮಳೆಗಾಲದಲ್ಲಿ ಹೊರಡುವುದಾದರೆ, ನಾರಾಯಣಪುರದಿಂದ ಆ ದಿನ ಎಷ್ಟು ನೀರು ಬಿಟ್ಟಿದ್ದಾರೆಂದು ತಿಳಿದುಕೊಂಡೇ ಗಾಡಿ ಚಾಲೂ ಮಾಡಿ.